ಹೊಸಬರ ಕೈಗೆ ಸಿಕ್ಕ ಟ್ರಾವೆಲ್ ಬಗ್: ಮೈಸೂರಿನಲ್ಲಿ ನಾನು ನೆರವಾಗುವ ಕ್ರಮ

ಜಿಯೋಕ್ಯಾಶಿಂಗ್ ಎಂದರೆ ಇತರರು ಬಚ್ಚಿಟ್ಟ ಡಬ್ಬಿಗಳನ್ನು ಜಿಪಿಎಸ್ ನೆರವಿನಿಂದ ಹುಡುಕಿ, ಸಿಕ್ಕಿದ್ದನ್ನು ಆ್ಯಪಿನಲ್ಲಿ ದಾಖಲಿಸುವ ಆಟ. ಮೈಸೂರಿನ ಸುತ್ತಮುತ್ತ ಅದರ ಡಬ್ಬಿಗಳು ಯೂರೋಪಿನ ಊರುಗಳಲ್ಲಿರುವಷ್ಟು ದಟ್ಟವಾಗಿಲ್ಲ. ಆದ್ದರಿಂದ ಇಲ್ಲಿಗೆ ಒಂದು ಟ್ರಾವೆಲ್ ಬಗ್, ಅಂದರೆ ಡಬ್ಬಿಯಿಂದ ಡಬ್ಬಿಗೆ ಸಾಗುವ ಗುರುತಿನ ವಸ್ತು, ಬಂದರೆ ನಮ್ಮ ಕಡೆಯ ಆಟಗಾರರಿಗೆ ಬೇಗ ತಿಳಿಯುತ್ತದೆ. ಕಾಣೆಯಾದರೆ ಅದಕ್ಕಿಂತ ಬೇಗ ತಿಳಿಯುತ್ತದೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ಉಳಿಯುವ ವಿದೇಶೀಯರೂ ದಸರೆಯ ಹೊತ್ತಿಗೆ ಬರುವ ಪ್ರವಾಸಿಗರೂ ಇಂಥ ವಸ್ತುಗಳನ್ನು ತಂದು ಇಲ್ಲಿನ ಡಬ್ಬಿಗಳಲ್ಲಿ ಇಟ್ಟು ಹೋಗುತ್ತಾರೆ. ಅವುಗಳನ್ನು ಮುಂದೆ ಎತ್ತಿಕೊಳ್ಳುವವರು ಹೆಚ್ಚಾಗಿ ಆಗತಾನೆ ಆ್ಯಪ್ ಹಾಕಿಕೊಂಡ ಕಾಲೇಜು ವಿದ್ಯಾರ್ಥಿಗಳು, ಇಲ್ಲವೇ ತರಬೇತಿಗೆಂದು ಬಂದು ಕೆಲವು ತಿಂಗಳಲ್ಲಿ ಊರು ಬಿಡುವ ಯುವ ಎಂಜಿನಿಯರುಗಳು. ಅವರಿಗೆ ನೆರವಾಗುವ ಕೆಲಸ ಯಾರೂ ವಹಿಸದೆ ನನ್ನ ಪಾಲಿಗೆ ಬಂದಿದೆ. ಅದನ್ನು ನಾನು ಹೇಗೆ ಮಾಡುತ್ತೇನೆ, ಏನನ್ನು ಮಾಡುವುದಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಟ್ರಾವೆಲ್ ಬಗ್ ಎಂಬುದು ಸೈನಿಕರು ಕೊರಳಲ್ಲಿ ಧರಿಸುವ ಗುರುತಿನ ಬಿಲ್ಲೆಯ ಮಾದರಿಯ ಲೋಹದ ತುಂಡು. ಅದಕ್ಕೆ ಮಾಲೀಕರು ಒಂದು ಗೊಂಬೆಯನ್ನೋ ಕೀಲಿಗೊಂಚಲನ್ನೋ ಕಟ್ಟಿ, ‘ಇದು ಸಮುದ್ರ ನೋಡಬೇಕು’ ಎಂಬಂಥ ಗುರಿಯೊಂದನ್ನು ಗೊತ್ತುಮಾಡಿ, ಡಬ್ಬಿಯಿಂದ ಡಬ್ಬಿಗೆ ಸಾಗಲೆಂದು ಬಿಡುತ್ತಾರೆ. ಎಷ್ಟೇ ಕೈ ಬದಲಾಯಿಸಿದರೂ ಅದು ಮಾಲೀಕರದೇ. ಹೊಸಬರಿಗೆ ಇದು ತಿಳಿಯದಿರುವುದಕ್ಕೆ ಆಟದ ಇತಿಹಾಸದಲ್ಲೇ ಕಾರಣವಿದೆ. 2000ದ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವು ಜಿಪಿಎಸ್ ಸಂಕೇತದ ನಿಖರತೆಯನ್ನು ಬೇಕೆಂದೇ ತಗ್ಗಿಸುತ್ತಿದ್ದುದನ್ನು ನಿಲ್ಲಿಸಿದ ಬೆನ್ನಿಗೇ ಡೇವ್ ಉಲ್ಮರ್ ಆರಿಗಾನ್ ರಾಜ್ಯದಲ್ಲಿ ಮೊದಲ ಡಬ್ಬಿಯನ್ನು ಇಟ್ಟಾಗ, ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಇಡುವುದು ಅದರ ನಿಯಮವಾಗಿತ್ತು. ಡಬ್ಬಿಯಲ್ಲಿನ ಗೋಲಿ, ಬಳೆ, ಆಟಿಕೆಗಳಿಗೆ ಇಂದಿಗೂ ಅದೇ ನಿಯಮ. ಟ್ರಾವೆಲ್ ಬಗ್ ಆಮೇಲೆ ಬಂದದ್ದು. ಅದಕ್ಕೆ ಬದಲಿಗೆ ಏನನ್ನೂ ಇಡಬೇಕಾಗಿಲ್ಲ, ಆದರೆ ಅದನ್ನು ಇಟ್ಟುಕೊಳ್ಳುವಂತೆಯೂ ಇಲ್ಲ. ‘ಸರ್, ನಾನು ಅದರ ಬದಲಿಗೆ ಒಳ್ಳೆಯ ಪೆನ್ನು ಇಟ್ಟು ಬಂದಿದ್ದೇನಲ್ಲ’ ಎಂದು ಹುಡುಗನೊಬ್ಬ ನನಗೆ ಹೇಳಿದ್ದರಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಅವನು ಪಾಲಿಸಿದ್ದು ಹಳೆಯ ನಿಯಮವನ್ನು.

ಆದ್ದರಿಂದ ಬಗ್ ಡಬ್ಬಿಯಲ್ಲಿಲ್ಲ, ಆದರೆ ಆ್ಯಪಿನ ಪಟ್ಟಿಯಲ್ಲಿ ಇನ್ನೂ ಅಲ್ಲೇ ಇದೆ ಎಂದು ಕಂಡಾಗ ನಾನು ಮೊದಲು ಸುಮ್ಮನಿರುತ್ತೇನೆ. ಎತ್ತಿಕೊಂಡವರು ಪ್ರಯಾಣದಲ್ಲಿರಬಹುದು, ಮನೆಗೆ ಹೋಗಿ ನಿಧಾನವಾಗಿ ದಾಖಲಿಸುವವರಿರಬಹುದು. ವಾರ ಕಳೆದರೂ ಬದಲಾವಣೆಯಾಗದಿದ್ದರೆ ಡಬ್ಬಿಯ ಲಾಗ್‌ಬುಕ್ಕಿನಲ್ಲಿ ಇತ್ತೀಚೆಗೆ ಸಹಿ ಮಾಡಿದವರಿಗೆ ಖಾಸಗಿಯಾಗಿ ಸಂದೇಶ ಕಳುಹಿಸುತ್ತೇನೆ. ಡಬ್ಬಿಯ ಪುಟದಲ್ಲಿ ಎಲ್ಲರೂ ಓದುವಂತೆ ‘ಇಲ್ಲಿನ ಬಗ್ ತೆಗೆದುಕೊಂಡವರು ದಯವಿಟ್ಟು ಹಿಂತಿರುಗಿಸಿ’ ಎಂದು ಬರೆಯುವ ಪದ್ಧತಿ ಕೆಲವರಲ್ಲಿದೆ. ನನಗೆ ಅದು ಸರಿಕಾಣುವುದಿಲ್ಲ. ಹಾಗೆ ಬರೆದ ಮೇಲೆ ಹೊಸಬರು ನಾಚಿಕೊಂಡು ಆಟವನ್ನೇ ಬಿಡುತ್ತಾರೆ, ಅವರೊಂದಿಗೆ ಬಗ್ ಕೂಡ ಹೋಗುತ್ತದೆ.

ಸಂದೇಶದ ಮಾತುಗಳನ್ನು ನಾನು ತೂಗಿ ಆರಿಸುತ್ತೇನೆ. ಮೊದಲು ಡಬ್ಬಿ ಹುಡುಕಿದ್ದಕ್ಕೆ ಅಭಿನಂದನೆ, ಆಮೇಲೆ ಪ್ರಶ್ನೆ: ‘ಡಬ್ಬಿಯಲ್ಲಿ ಲೋಹದ ಬಿಲ್ಲೆ ಕಟ್ಟಿದ ಪುಟ್ಟ ಆನೆಯೊಂದಿತ್ತು. ನೀವು ಹೋದಾಗ ಅದು ಅಲ್ಲಿತ್ತೇ?’ ತೆಗೆದುಕೊಂಡಿರಾ ಎಂದು ಕೇಳುವುದಿಲ್ಲ, ಏಕೆಂದರೆ ಸಹಿಯಿಂದ ಅವರು ಬಂದಿದ್ದರೆಂಬುದಷ್ಟೇ ತಿಳಿಯುತ್ತದೆ. ಡಬ್ಬಿಯನ್ನು ಆಕಸ್ಮಿಕವಾಗಿ ಕಂಡ ದಾರಿಹೋಕರೂ ಅದನ್ನು ಒಯ್ದಿರಬಹುದು. ಸಂದೇಶ ಪಡೆದವರ ಕೈಯಲ್ಲೇ ಇದ್ದರೆ ಏನು ಮಾಡಬೇಕೆಂಬುದನ್ನು ಅದೇ ಸಂದೇಶದಲ್ಲಿ ಎರಡು ಸಾಲಿನಲ್ಲಿ ತಿಳಿಸುತ್ತೇನೆ. ಇಡೀ ನಿಯಮಾವಳಿಯನ್ನು ಸುರಿಯುವುದಿಲ್ಲ. ಕನ್ನಡ ಬಲ್ಲವರೆಂದು ಹೆಸರಿನಿಂದ ಊಹಿಸಲಾದರೆ ಕನ್ನಡದಲ್ಲೇ ಬರೆಯುತ್ತೇನೆ. ಉತ್ತರ ಬರುವ ಸಂಭವ ಆಗ ಹೆಚ್ಚೆಂದು ನನಗೆ ಕಂಡಿದೆ.

ಉತ್ತರ ಬಂದ ಮೇಲೆ ಕೆಲಸ ನಿಜವಾಗಿ ಆರಂಭವಾಗುತ್ತದೆ, ಮತ್ತು ಹಳಬರು ಅವಸರ ಮಾಡುವುದೂ ಇಲ್ಲಿಯೇ. ‘ಬಿಲ್ಲೆಯ ಮೇಲಿನ ಕೋಡ್ ಕಳುಹಿಸಿ, ನಾನೇ ದಾಖಲಿಸುತ್ತೇನೆ’ ಎನ್ನುವುದು ಉಪಕಾರದಂತೆ ಕಂಡರೂ, ಹಾಗೆ ಮಾಡಿದರೆ ದಾಖಲೆಯಲ್ಲಿ ಬಗ್ ಹಳಬರ ಕೈಗೆ ಬರುತ್ತದೆ, ವಸ್ತು ಮಾತ್ರ ಹೊಸಬರ ಮೇಜಿನ ಮೇಲಿರುತ್ತದೆ. ಯಾರ ಹೆಸರಿನಲ್ಲಿದೆಯೋ ಅವರು ಮಾತ್ರ ಅದನ್ನು ಡಬ್ಬಿಗೆ ಇಳಿಸಲು ಸಾಧ್ಯವಾದ್ದರಿಂದ, ಮುಂದೆ ಹೊಸಬರು ಅದನ್ನು ನಿಜವಾಗಿ ಇಟ್ಟು ಬಂದರೂ ದಾಖಲಿಸಲಾರರು. ಎತ್ತಿಕೊಂಡದ್ದನ್ನೂ ಇಳಿಸಿದ್ದನ್ನೂ ಅವರ ಬೆರಳುಗಳೇ ದಾಖಲಿಸಬೇಕು. ನಾನು ಪಕ್ಕದಲ್ಲಿ ಕುಳಿತಿದ್ದರೂ ಅವರ ಫೋನನ್ನು ಕೈಗೆ ತೆಗೆದುಕೊಳ್ಳುವುದಿಲ್ಲ.

ಇಳಿಸುವಾಗಿನ ತೊಡಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸಬರೊಬ್ಬರು ಚಾಮುಂಡಿ ಬೆಟ್ಟದ ತಪ್ಪಲಿನ ಡಬ್ಬಿಯನ್ನು ಕಂಡು, ‘ಸಿಕ್ಕಿತು’ ಎಂದು ದಾಖಲಿಸಿ, ತಮ್ಮಲ್ಲಿದ್ದ ಬಗ್ಗನ್ನು ಅದರೊಳಗೆ ಇಟ್ಟು ಮನೆಗೆ ಬರುತ್ತಾರೆ. ಆದರೆ ಬಗ್ ಇಳಿಸಿದ್ದನ್ನು ದಾಖಲಿಸಲು ಮರೆತಿರುತ್ತಾರೆ. ಜ್ಞಾಪಿಸಿದಾಗ ಅವರು ಅದೇ ಡಬ್ಬಿಯನ್ನು ಮತ್ತೊಮ್ಮೆ ‘ಸಿಕ್ಕಿತು’ ಎಂದು ದಾಖಲಿಸಿಬಿಡುತ್ತಾರೆ. ಅದರ ಅಗತ್ಯವಿಲ್ಲ. ಡಬ್ಬಿಯ ಪುಟದಲ್ಲಿ ಬರಿಯ ಟಿಪ್ಪಣಿಯೊಂದನ್ನು ಬರೆದು ಅದರ ಜೊತೆಗೇ ಬಗ್ಗನ್ನು ಇಳಿಸಬಹುದು. ಈ ಒಂದು ದಾರಿಯನ್ನು ತೋರಿಸಿದರೆ ಹೊಸಬರ ಅರ್ಧ ಗೊಂದಲ ಕಳೆಯುತ್ತದೆ.

ಅಷ್ಟರಲ್ಲಿ ಇನ್ನೊಬ್ಬ ಆಟಗಾರರು ಅಲ್ಲಿಗೆ ಹೋಗಿ ಬಗ್ಗನ್ನು ಎತ್ತಿಕೊಂಡಿದ್ದರೆ ಅವರಿಗೆ ನಾನು ಹೇಳುವುದು ಕೆಲವು ದಿನ ತಡೆಯಿರಿ ಎಂದು. ಅವರು ತಕ್ಷಣ ತಮ್ಮ ಹೆಸರಿಗೆ ಎಳೆದುಕೊಂಡರೆ ದಾಖಲೆಯಲ್ಲಿ ಬೆಟ್ಟದ ತಪ್ಪಲಿನ ನಿಲುಗಡೆಯೇ ಬಿಟ್ಟುಹೋಗುತ್ತದೆ. ಬಗ್ ಸಾಗಿದ ದೂರವನ್ನು ಡಬ್ಬಿಯಿಂದ ಡಬ್ಬಿಗೆ ನೇರ ರೇಖೆಯಲ್ಲಿ ಲೆಕ್ಕ ಹಾಕುವುದರಿಂದ ಲೆಕ್ಕವೂ ತಪ್ಪುತ್ತದೆ. ಹೊಸಬರು ಸ್ಪಂದಿಸದೇ ಹೋದರೆ, ಎತ್ತಿಕೊಂಡವರು ಮೊದಲು ಬಗ್ಗನ್ನು ತಮ್ಮ ಹೆಸರಿಗೆ ಪಡೆದು, ಅದೇ ಡಬ್ಬಿಗೆ ಟಿಪ್ಪಣಿಯ ಮೂಲಕ ಇಳಿಸಿ, ಮತ್ತೆ ಎತ್ತಿಕೊಂಡರೆ ದಾರಿ ಸರಿಹೋಗುತ್ತದೆ. ಹಾಗೆ ಮಾಡಿದ್ದೇಕೆಂದು ಹಿಂದಿನವರಿಗೆ ಒಂದು ಸಾಲು ತಿಳಿಸುವುದು ಸೌಜನ್ಯ, ಇಲ್ಲದಿದ್ದರೆ ತಮ್ಮ ಕೈಯಿಂದ ಕಿತ್ತುಕೊಂಡಂತೆ ಅವರಿಗೆ ಅನ್ನಿಸೀತು.

ಕೋಡಿನ ವಿಷಯದಲ್ಲಿ ಮಾತ್ರ ನಾನು ಕಾಯುವುದಿಲ್ಲ. ಪ್ರತಿ ಬಗ್ಗಿಗೆ ಎರಡು ಸಂಖ್ಯೆಗಳಿವೆ: ಪುಟದಲ್ಲಿ ಎಲ್ಲರಿಗೂ ಕಾಣುವುದು ಮನೆಯ ವಿಳಾಸವಿದ್ದಂತೆ, ಬಿಲ್ಲೆಯ ಮೇಲೆ ಕೊರೆದಿರುವುದು ಬೀಗದ ಕೈ ಇದ್ದಂತೆ. ಹೊಸಬರು ಸಂತೋಷದಿಂದ ಬಿಲ್ಲೆಯ ಚಿತ್ರ ತೆಗೆದು ಲಾಗಿಗೆ ಸೇರಿಸುತ್ತಾರೆ, ಆಗ ಜಗತ್ತಿನ ಯಾವ ಮೂಲೆಯವರೂ ಆ ಬಗ್ಗನ್ನು ಕಂಡೆವೆಂದು ದಾಖಲಿಸಬಹುದು, ಎಳೆದುಕೊಳ್ಳಲೂಬಹುದು. ಇಂಥ ಚಿತ್ರ ಕಂಡ ದಿನವೇ ಬರೆದು, ಅದನ್ನು ತೆಗೆದುಹಾಕಿ ಕೋಡನ್ನು ಬೆರಳಿನಿಂದ ಮುಚ್ಚಿ ತೆಗೆದ ಇನ್ನೊಂದನ್ನು ಹಾಕಲು ವಿನಂತಿಸುತ್ತೇನೆ. ನನ್ನ ಸಂದೇಶದಲ್ಲಿಯೂ ಕೋಡನ್ನು ಉದಾಹರಿಸುವುದಿಲ್ಲ.

ಎತ್ತಿಕೊಳ್ಳದೆ ಬರಿದೆ ‘ಕಂಡೆ’ ಎಂದು ದಾಖಲಿಸುವುದನ್ನು ಅಭ್ಯಾಸ ಮಾಡಿಸಲು ಒಂದು ಸೊಗಸಾದ ಅವಕಾಶವಿದೆ. 2021ರ ಫೆಬ್ರುವರಿಯಲ್ಲಿ ಮಂಗಳ ಗ್ರಹದ ಮೇಲಿಳಿದ ನಾಸಾದ ಪರ್ಸಿವರೆನ್ಸ್ ವಾಹನದಲ್ಲಿ, ಷರ್ಲಾಕ್ ಎಂಬ ಉಪಕರಣವನ್ನು ಸರಿಹೊಂದಿಸಲು ಬಳಸುವ ಫಲಕದ ಮೇಲೆ ಇಂಥದೇ ಒಂದು ಕೋಡ್ ಇದೆ. ಆಟಗಾರರು ಅಲ್ಲಿಂದ ಬಂದ ಚಿತ್ರದಲ್ಲಿ ಅದನ್ನು ಓದಿ ದಾಖಲಿಸಲೆಂದೇ ಹಾಗೆ ಮಾಡಿದ್ದು. ಅದನ್ನು ಎತ್ತಿಕೊಂಡು ಬರಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ಕಂಡದ್ದಕ್ಕೂ ಎತ್ತಿಕೊಂಡದ್ದಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕಾಗಿಯೇ ಬರುವುದಿಲ್ಲ.

ಮುಂದೆ ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಫಿಲ್ಮ್ ಡಬ್ಬಿಯ ಗಾತ್ರದವುಗಳಲ್ಲಿ ಆನೆ ಗೊಂಬೆ ಹಿಡಿಸುವುದಿಲ್ಲ. ಮುಚ್ಚಳ ಭದ್ರವಾಗಿರುವ ದೊಡ್ಡ ಡಬ್ಬಿಯಾಗಬೇಕು, ಮಳೆಗಾಲದಲ್ಲಿ ಅದರ ಒಳಗೆ ಜಿಪ್ ಚೀಲವೂ ಇರಬೇಕು. ಊರು ಬಿಡುವವರಿಗೆ ನಾನು ಹೇಳುವುದು ಬಗ್ಗನ್ನು ಜೊತೆಗೇ ಒಯ್ಯಿರಿ ಎಂದು. ಹುಬ್ಬಳ್ಳಿಯೋ ಭುವನೇಶ್ವರವೋ, ಅವರ ಊರಿನ ಡಬ್ಬಿ ತಲುಪಿದರೆ ಮಾಲೀಕರಿಗೆ ಸಂತೋಷವೇ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೈಯಲ್ಲಿ ಉಳಿಯುವಂತಿದ್ದರೆ ಮಾಲೀಕರಿಗೆ ಒಂದು ಸಾಲು ಬರೆಯಲು ಹೇಳುತ್ತೇನೆ.

ಎಷ್ಟು ಕೇಳಿದರೂ ಉತ್ತರ ಬಾರದಿದ್ದಾಗ ನಾನು ಎರಡನೆಯ ಸಂದೇಶದ ಆಚೆಗೆ ಹೋಗುವುದಿಲ್ಲ. ಬಗ್ ಡಬ್ಬಿಯಲ್ಲಿಲ್ಲವೆಂದು ಅದರ ಮಾಲೀಕರಿಗೂ ಡಬ್ಬಿ ಇಟ್ಟವರಿಗೂ ತಿಳಿಸುತ್ತೇನೆ. ಕಾಣೆಯಾಗಿದೆಯೆಂದು ಗುರುತಿಸುವ ಅಧಿಕಾರ ಅವರಿಗಿದೆ, ನನಗಿಲ್ಲ. ಹಾಗೆ ಗುರುತಿಸಿದ ಮೇಲೂ ಬಗ್ಗಿನ ದಾಖಲೆ ಮುಚ್ಚುವುದಿಲ್ಲ. ಬಿಲ್ಲೆ ಕೈಯಲ್ಲಿರುವ ಯಾರೇ ಆಗಲಿ, ವರ್ಷಗಳ ನಂತರವೂ ಅದರ ಮೇಲಿನ ಕೋಡನ್ನು ನಮೂದಿಸಿ ಅದನ್ನು ಮತ್ತೆ ಪ್ರಯಾಣಕ್ಕೆ ಹಚ್ಚಬಹುದು ಎಂಬುದನ್ನು ಆ ಎರಡನೆಯ ಸಂದೇಶದ ಕೊನೆಯಲ್ಲಿ ತಪ್ಪದೆ ಬರೆದಿರುತ್ತೇನೆ.