ಹಿನ್ನೀರಿನ ಊರಿನಲ್ಲಿ ಕುಳಿತು ಬೆಂಗಳೂರಿನ ಕೆಲಸ

ಕಚೇರಿಗೆ ಬರಬೇಕಾಗಿಲ್ಲ, ಎಲ್ಲಿಂದಾದರೂ ಕೆಲಸ ಮಾಡಿ ಎಂದು ಕಂಪನಿ ಹೇಳಿದಾಗ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಗೋಕರ್ಣ, ಕುಮಟಾ, ಕಾರವಾರದ ಕಡೆ ಮನೆ ಹುಡುಕಿದರು. ನಾನು ಬಾಗಲಕೋಟೆಯ ನವನಗರಕ್ಕೆ ಬಂದೆ. ಸಾಫ್ಟ್‌ವೇರ್ ಪರೀಕ್ಷೆ ನನ್ನ ಉದ್ಯೋಗ, ತಂಡವೆಲ್ಲ ಬೆಂಗಳೂರಿನಲ್ಲಿದೆ. ಇಲ್ಲಿ ಕಡಲಿಲ್ಲ, ಆದರೆ ಆಲಮಟ್ಟಿ ಜಲಾಶಯ ತುಂಬಿದಾಗ ಘಟಪ್ರಭೆಯ ಪಾತ್ರದಲ್ಲಿ ಹಿನ್ನೀರು ಮೇಲಕ್ಕೆ ಹರಡಿಕೊಂಡು ಹಳೆಯ ಪಟ್ಟಣದ ಅಂಚಿನವರೆಗೂ ಬರುತ್ತದೆ. ಸಂಜೆ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ನಿಂತರೆ ಆಚೆ ದಡವನ್ನು ಕಣ್ಣು ಹುಡುಕಬೇಕು.

ಇಲ್ಲಿ ನೆಲೆಸಿ ದುಡಿಯಬೇಕೆನ್ನುವವರು ಮೊದಲು ಬಿಸಿಲಿನ ಲೆಕ್ಕ ಹಾಕಬೇಕು, ಇಂಟರ್ನೆಟ್ಟಿನ ಮಾತು ಆಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಇಲ್ಲಿ ಸಾಮಾನ್ಯ. ಮೇಲ್ಮಹಡಿಯ ಮನೆ ಬಾಡಿಗೆಗೆ ಅಗ್ಗವಾಗಿ ಸಿಗುತ್ತದೆ, ಆದರೆ ಹಗಲೆಲ್ಲ ಕಾದ ತಾರಸಿ ರಾತ್ರಿ ತನಕ ಬಿಸಿ ಉಗುಳುತ್ತಿರುತ್ತದೆ. ಅದಕ್ಕೇ ನಾನು ನೆಲಮಹಡಿಯ ಮನೆ ಹಿಡಿದು, ಪೂರ್ವಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಮೇಜು ಹಾಕಿಕೊಂಡೆ. ಪಶ್ಚಿಮದ ಗೋಡೆಗೆ ಬೇವಿನ ಮರದ ನೆರಳಿದೆ. ಹವಾನಿಯಂತ್ರಕ ಕೊಳ್ಳಲಿಲ್ಲ, ನೀರಿನ ಕೂಲರ್ ಸಾಕಾಯಿತು. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಅದು ಸಲೀಸಾಗಿ ನಡೆಯುತ್ತದೆ. ಕುಮಟೆಯ ಗೆಳತಿಯ ಮನೆಯಲ್ಲಿ ಅದೇ ಕೂಲರ್ ಸೆಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ಅಲ್ಲಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿದೆ. ಲ್ಯಾಪ್‌ಟಾಪಿನ ಲೋಹದ ಭಾಗಗಳಿಗೆ ಉಪ್ಪುಗಾಳಿ ತುಕ್ಕು ಹಿಡಿಸುತ್ತದೆ ಎಂಬುದು ಅವಳ ಇನ್ನೊಂದು ಚಿಂತೆ. ನನ್ನ ಪಾಲಿಗೆ ಬಂದಿರುವುದು ಕರಿಮಣ್ಣಿನ ಧೂಳು, ಫ್ಯಾನಿನ ಜಾಲರಿಯನ್ನು ವಾರ ತಪ್ಪದೆ ಒರೆಸುತ್ತೇನೆ.

ವಿದ್ಯುತ್ತಿನ ವಿಷಯ. ಮುಂಗಾರಿಗೆ ಮೊದಲು ಗುಡುಗು ಸಹಿತ ಬರುವ ಮಳೆಗೆ ಕರೆಂಟು ಹೋಗುತ್ತದೆ. ಫೈಬರ್ ತಂತಿಗೆ ದಾರಿಯಲ್ಲಿ ವಿದ್ಯುತ್ ಬೇಕಾಗಿಲ್ಲ, ಎರಡು ತುದಿಗಳಲ್ಲಿ ಬೇಕು. ಆದ್ದರಿಂದ ರೌಟರಿಗೂ ಫೈಬರ್ ಪೆಟ್ಟಿಗೆಗೂ ಚಿಕ್ಕದೊಂದು ಯುಪಿಎಸ್ ಕೂರಿಸಿದರೆ ಸಾಮಾನ್ಯವಾಗಿ ಸಂಪರ್ಕ ಉಳಿಯುತ್ತದೆ. ಬೇರೊಂದು ಕಂಪನಿಯ ಸಿಮ್ ಇರುವ ಮೊಬೈಲನ್ನೂ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಇನ್ವರ್ಟರ್ ಬ್ಯಾಟರಿಯ ನೀರು ಬೇಸಿಗೆಯಲ್ಲಿ ಬೇಗ ಇಂಗುತ್ತದೆ, ಡಿಸ್ಟಿಲ್ಡ್ ನೀರಿನ ಕ್ಯಾನ್ ಮನೆಯಲ್ಲಿರಲಿ.

ಸಮಯವನ್ನು ಊರಿಗೆ ಹೊಂದಿಸಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ತಲೆಗೆ ಕೆಲಸ ಹೆಚ್ಚಿರುವ ಪರೀಕ್ಷೆಗಳನ್ನು ಬೆಳಗ್ಗೆ ಆರರಿಂದ ಹತ್ತರೊಳಗೆ ಮುಗಿಸುತ್ತೇನೆ, ಮೀಟಿಂಗುಗಳು ಮಧ್ಯಾಹ್ನಕ್ಕೆ. ಊಟದ ನಂತರ ಇಡೀ ಓಣಿ ಬಾಗಿಲು ಮುಚ್ಚಿ ಮಲಗುವುದರಿಂದ ಕರೆಗಳಿಗೆ ಅಷ್ಟು ನಿಶ್ಶಬ್ದವಾದ ಹೊತ್ತು ಬೇರೆ ಸಿಗದು. ಮನೆಯಲ್ಲೇ ಇರುವವಳಿಗೆ ಕೆಲಸವಿಲ್ಲ ಎಂದು ಭಾವಿಸಿ ಬರುವವರೂ ಇದ್ದರು. ಬಂದವರಿಗೆ ಚಹಾ ಕೊಡದೆ ಕಳಿಸುವುದು ಈ ಸೀಮೆಯಲ್ಲಿ ಆಗದ ಮಾತು, ಕಳಿಸಲು ನನಗೂ ಮನಸ್ಸಿಲ್ಲ. ಹಾಗಾಗಿ ಸಂಜೆ ಐದೂವರೆಯ ನಂತರ ಬಾಗಿಲು ತೆರೆದಿರುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿ ಬಂದೆ. ಎಲ್ಲರೂ ಪಾಲಿಸುತ್ತಾರೆ. ಹೋಳಿಯ ದಿನಗಳಲ್ಲಿ ಮಾತ್ರ ಯಾವ ಏರ್ಪಾಟೂ ನಡೆಯದು. ಬಾಗಲಕೋಟೆಯ ಹೋಳಿಯಲ್ಲಿ ಹಲಗೆ ವಾದ್ಯದ ಸದ್ದು ರಾತ್ರಿಯೆಲ್ಲ ಕೇಳುತ್ತದೆ, ಬಣ್ಣದಾಟ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಆ ದಿನಗಳಿಗೆ ರಜೆಯನ್ನು ಜನವರಿಯಲ್ಲೇ ಕೇಳಿಡುತ್ತೇನೆ.

ಸಂಜೆ ಚಹಾಕ್ಕೆ ಬರುವವರಲ್ಲಿ ಹೆಚ್ಚಿನವರು ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ಹಳೆಯ ಊರಿನಿಂದ ಎದ್ದು ಬಂದವರು. ಅವರಿಗಾಗಿ ಸೆಕ್ಟರುಗಳಾಗಿ ಕಟ್ಟಿದ ಊರೇ ನವನಗರ. ಪಕ್ಕದ ಮನೆಯ ಅಜ್ಜಿಗೆ ತನ್ನ ಹಳೆಯ ಮನೆಯ ಕಟ್ಟೆ, ಕಾಳು ತುಂಬಿಡುವ ಹಗೇವು, ಎದುರಿನ ಗುಡಿ ಎಲ್ಲವೂ ನೆನಪಿದೆ. ನಾನು ಹಿನ್ನೀರಿನ ಚಂದವನ್ನು ಹೊಗಳಿದರೆ ಅವರು ಸುಮ್ಮನಿರುತ್ತಾರೆ. ಜಲಾಶಯದ ಗರಿಷ್ಠ ಮಟ್ಟ ಈಗ 519.60 ಮೀಟರ್. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿದೆ. ಅದು ಜಾರಿಯಾದರೆ ಇನ್ನಷ್ಟು ಹಳ್ಳಿಗಳೂ ಹೊಲಗಳೂ ಮುಳುಗುತ್ತವೆ. ಪರಿಹಾರದ ಮಾತು ಬಂದಾಗ ಚಹಾ ಆರಿಹೋಗುವವರೆಗೂ ಚರ್ಚೆ ನಡೆಯುತ್ತದೆ. ನೀರಿನ ದಡದಲ್ಲಿ ಮನೆ ಮಾಡುವವರು ಇದನ್ನು ಕೂತು ಕೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿಗೆ ಹೋಗಲೇಬೇಕಾದಾಗ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಇಲ್ಲಿಗೆ ಬರಲು ಯೋಚಿಸುತ್ತಿರುವವರು ಡಿಸೆಂಬರಿನ ತಂಪಿನಲ್ಲಿ ಮನೆ ಗೊತ್ತು ಮಾಡಬೇಡಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ ಆ ಕೋಣೆಯಲ್ಲಿ ಕುಳಿತು ಒಂದು ವಿಡಿಯೊ ಕರೆ ಮಾಡಿ. ಮಾತು ಕಡಿಯದಿದ್ದರೆ, ಗೋಡೆ ಮುಟ್ಟಿದಾಗ ಕೈ ಸುಡದಿದ್ದರೆ ಮುಂಗಡ ಕೊಡಿ.