ಹದಿನಾರರ ಮೇಲೆ ಇನ್ನೊಂದು ಎಲೆ

ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ನಾನು ಕ್ವಾಲಿಟಿ ಚೆಕಿಂಗ್ ಮಾಡುತ್ತೇನೆ. ರಿಜೆಕ್ಷನ್ ಲೆಕ್ಕ ಬರೆಯುವುದೇ ದಿನದ ಕೆಲಸ. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಚೋರ್ಲಾ ಘಾಟ್ ಇಳಿದು ಪಣಜಿಗೆ ಹೋಗಿದ್ದೆ. ಮಾಂಡವಿ ನದಿಯ ಹಡಗಿನ ಕ್ಯಾಸಿನೊದಲ್ಲಿ ಮೊದಲ ಸಲ ಬ್ಲ್ಯಾಕ್‌ಜಾಕ್ ನೋಡಿದೆ. ಇದು ಇಸ್ಪೀಟ್ ಆಟ: ಎಲೆಗಳ ಮೊತ್ತ ಎಲೆ ಹಂಚುವ ಡೀಲರ್‌ನದಕ್ಕಿಂತ 21ಕ್ಕೆ ಹತ್ತಿರ ಇರಬೇಕು, 21 ದಾಟಿದರೆ ಸೋಲು. ಗುಲಾಮ, ರಾಣಿ, ರಾಜನಿಗೆ 10, ಎಕ್ಕಕ್ಕೆ 1 ಅಥವಾ 11. ಆಡುವವರೆಲ್ಲ ಮನಸ್ಸಿಗೆ ಬಂದಂತೆ ಎಲೆ ಕೇಳುತ್ತಿದ್ದರು. ಡೀಲರ್‌ಗೆ ಮಾತ್ರ ಆಯ್ಕೆಯೇ ಇಲ್ಲ. 16ರವರೆಗೆ ಎಲೆ ಎಳೆಯಲೇಬೇಕು, 17 ಆದರೆ ನಿಲ್ಲಬೇಕು. ಎದುರಿನವನ ನಡೆ ಮೊದಲೇ ಗೊತ್ತಿದ್ದರೆ ನಮ್ಮ ನಡೆಗೂ ಒಂದು ಲೆಕ್ಕ ಇರಬೇಕಲ್ವಾ?

ಇದೆ. ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು ಮೇಜಿನ ಕ್ಯಾಲ್ಕುಲೇಟರ್‌ಗಳಲ್ಲೇ ಆ ಲೆಕ್ಕ ಮಾಡಿ 1956ರಲ್ಲಿ ಪ್ರಕಟಿಸಿದ್ದರು. ಈಗ ಅದು ಒಂದು ಪುಟದ ಕೋಷ್ಟಕ. ಎಡಕ್ಕೆ ನಮ್ಮ ಕೈ, ಮೇಲೆ ಡೀಲರ್ ತೋರಿಸಿದ ಎಲೆ. ನಾನು ಬಾಯಿಪಾಠ ಮಾಡಲು ಹೋದೆ. ವಾರದಲ್ಲಿ ಎಲ್ಲ ಕಲಸಿಹೋಯಿತು. ಕಾರಣ ಗೊತ್ತಿಲ್ಲದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಆಮೇಲೆ ಡಿಗ್ರಿ ಓದುವ ಅಣ್ಣನ ಮಗನನ್ನು ಡೀಲರ್ ಮಾಡಿದೆ. ದುಡ್ಡಿನ ಬದಲು ಹುಣಸೆ ಬೀಜ. ಒಂದು ರಾತ್ರಿ ನನ್ನ ಕೈಯಲ್ಲಿ 10 ಮತ್ತು 6, ಅವನ ಮುಂದೆ ಕಳಾವರ್ 7.

"ಸಾಕ್ರಿ ಕಾಕಾ, ಇನ್ನೊಂದ್ ಎಲಿ ತಗೊಂಡ್ರ ಹೋಗ್ತೀರಿ" ಅಂದ.

ನನಗೂ ಹಾಗೇ ಅನಿಸಿತು. ನೋಟ್‌ಬುಕ್ ತೆಗೆದೆ. ಎಲೆಗಳು 13 ನಮೂನೆ. ಎಕ್ಕದಿಂದ 5ರವರೆಗೆ ಬಂದರೆ ಉಳಿದೆ. 6ರಿಂದ ರಾಜನವರೆಗೆ 8 ನಮೂನೆ, ಯಾವುದು ಬಂದರೂ ಹೋದೆ. ಭಯ ಸುಳ್ಳಲ್ಲ. ಆದರೆ ನಿಂತರೆ ಏನಾಗುತ್ತದೆ? 7 ತೋರಿಸಿದ ಡೀಲರ್ 21 ದಾಟುವುದು ನೂರರಲ್ಲಿ ಸುಮಾರು 26 ಸಲ. ಉಳಿದ 74 ಸಲ ನಾನು ಸುಮ್ನೆ ಕೂತೇ ಸೋಲುತ್ತೇನೆ. ಅಂದರೆ 100 ರೂಪಾಯಿ ಕಟ್ಟಿ ನಿಂತರೆ ಸರಾಸರಿ 48 ಹೋಗುತ್ತದೆ. ಎಲೆ ಕೇಳಿದರೆ ಸುಮಾರು 41. ಎರಡೂ ಸೋಲೇ, ಆದರೆ 7 ರೂಪಾಯಿ ಉಳಿಯಿತು. ಎರಕದಲ್ಲೂ ರಿಜೆಕ್ಷನ್ ಪೂರ್ತಿ ನಿಲ್ಲುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ. ಅವತ್ತು ಈ ಆಟ ನನಗೆ ನಿಜವಾಗಿ ಅರ್ಥವಾಯಿತು.

12ರ ಮುಂದೆ ಡೀಲರ್‌ನ 6 ಇದ್ದರೆ ತಿರುವುಮುರುವು. 10, ಗುಲಾಮ, ರಾಣಿ, ರಾಜ, ಈ ನಾಲ್ಕೇ ನನ್ನನ್ನು ಕೆಡಿಸುವ ಎಲೆಗಳು. ಆದರೂ ನಿಲ್ಲಬೇಕು. 6 ತೋರಿಸಿದ ಡೀಲರ್ ನೂರರಲ್ಲಿ ಸುಮಾರು 42 ಸಲ ತಾನೇ 21 ದಾಟುತ್ತಾನೆ, ಅವನಿಗೆ ದಾರಿ ಬಿಡಬೇಕು. ಒಂದೇ ನಮೂನೆಯ ಎರಡು ಎಲೆಯ ಜೋಡಿಗಳ ಲೆಕ್ಕ ಬೇಗ ತಲೆಗೆ ಹತ್ತಿತು: ಎಕ್ಕ, 8ರ ಜೋಡಿ ಯಾವಾಗಲೂ ಒಡೆದು ಎರಡು ಕೈ ಮಾಡುವುದು, 10ರ ಜೋಡಿ ಮುಟ್ಟದಿರುವುದು. ಇನ್ಶೂರೆನ್ಸ್, ಅಂದರೆ ಡೀಲರ್ ಎಕ್ಕ ತೋರಿಸಿದಾಗ ಅವನ ಮುಚ್ಚಿದ ಎಲೆ 10ರದ್ದು ಅಂತ ಕಟ್ಟುವ ಬೇರೆ ಬಾಜಿ, ಬೇಡವೇ ಬೇಡ. 13ರಲ್ಲಿ 4 ಸಲ ಬರುವ ಎಲೆಗೆ ಎರಡು ಪಟ್ಟು ಕೊಟ್ಟರೆ ಗಿಟ್ಟುವುದಿಲ್ಲ. ಜಾಸ್ತಿ ದಿನ ತಗೊಂಡಿದ್ದು ಎಕ್ಕ ಮತ್ತು 7ರ ಕೈ. 18 ಆಗಿದ್ದರೂ ಡೀಲರ್‌ನ 9ರ ಮುಂದೆ ಎಲೆ ಕೇಳಬೇಕು ಎಂದು ಒಪ್ಪಲು ತಿಂಗಳೇ ಬೇಕಾಯಿತು.

ಇಷ್ಟು ಕಲಿತು ಒಂದೂ ತಪ್ಪಿಲ್ಲದೆ ಆಡಿದರೂ, ಒಳ್ಳೆ ನಿಯಮದ ಟೇಬಲ್‌ನಲ್ಲೇ ಕ್ಯಾಸಿನೊಗೆ ನೂರಕ್ಕೆ ಅರ್ಧ ರೂಪಾಯಿಯಷ್ಟು ಹೋಗುತ್ತದೆ. ಬ್ಲ್ಯಾಕ್‌ಜಾಕ್‌ಗೆ (ಮೊದಲ ಎರಡೇ ಎಲೆಗೆ 21 ಆದ ಕೈಗೆ) ಕಟ್ಟಿದ 2ಕ್ಕೆ 3ರ ಬದಲು 5ಕ್ಕೆ 6ರ ಲೆಕ್ಕದಲ್ಲಿ ಕೊಡುವ ಕಡೆ ಇನ್ನೂ ಜಾಸ್ತಿ. ಅದಕ್ಕೇ ನಮ್ಮ ಮನೆಯಲ್ಲಿ ಇವತ್ತಿಗೂ ಹುಣಸೆ ಬೀಜವೇ.

ಹೋದ ಭಾನುವಾರ ನಾನು ಡೀಲರ್. ಅವನಿಗೆ 16, ನನ್ನ ಮುಂದೆ 7. "ಕೊಡ್ರಿ ಕಾಕಾ" ಅಂದ. ಆಟೀನ್ 9 ಬಿತ್ತು. ಬೀಜಗಳನ್ನು ನನ್ನ ಕಡೆ ತಳ್ಳಿ ಹೇಳಿದ: "ಹೋಗ್ಲಿ ಬಿಡ್ರಿ. ಕೇಳಿದ್ದಂತೂ ಬರೋಬ್ಬರಿ ಐತಿ."