ಕುದುರೆ ಸವಾರಿಯ ಸುರಕ್ಷಾ ಕವಚ: ಮೈಗೆ ಸರಿಹೊಂದುವುದನ್ನು ಆರಿಸುವುದು ಹೇಗೆ?

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ದಾವಣಗೆರೆಯ ಹೊರವಲಯದ ಬಯಲಿನಲ್ಲಿ ಸವಾರಿ ಕಲಿಯುತ್ತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳನ್ನು ನೋಡಿದೆ. ಕುದುರೆ ಕುಲುಕುತ್ತ ಓಡತೊಡಗಿದಾಗಲೆಲ್ಲ ಅವಳು ತೊಟ್ಟಿದ್ದ ಕವಚದ ಹಿಂದಿನ ಅಂಚು ಜೀನಿಗೆ ತಾಗಿ, ಇಡೀ ಕವಚವೇ ಮೇಲಕ್ಕೆ ಜರುಗಿ, ಹೆಲ್ಮೆಟ್ಟಿನ ಹಿಂಭಾಗವನ್ನು ನೂಕುತ್ತಿತ್ತು. ಹೆಲ್ಮೆಟ್ಟು ಹುಬ್ಬಿನ ಮೇಲಿಳಿದು ಅವಳಿಗೆ ದಾರಿಯೇ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಾಯಿಯನ್ನು ಕೇಳಿದರೆ, “ಬೆಳೆಯೋ ಹುಡುಗಿ ಸಾರ್, ಇನ್ನೆರಡು ವರ್ಷ ಬರ್ಲಿ ಅಂತ ದೊಡ್ಡದೇ ತಗಂಡ್ವಿ” ಎಂದರು. ಶಾಲೆಯ ಸಮವಸ್ತ್ರಕ್ಕೆ ಈ ಲೆಕ್ಕ ಸರಿ. ಸುರಕ್ಷಾ ಕವಚಕ್ಕೆ ಖಂಡಿತ ಸಲ್ಲದು.

ಕವಚದೊಳಗಿನ ಫೋಮ್ ಬಿದ್ದಾಗಿನ ಅಥವಾ ಗೊರಸು ತಾಗಿದಾಗಿನ ಪೆಟ್ಟನ್ನು ಹೀರಿಕೊಂಡು, ಪಕ್ಕೆಲುಬು ಮತ್ತು ಒಳಾಂಗಗಳಿಗೆ ಆಗುವ ಗಾಯವನ್ನು ತಗ್ಗಿಸುತ್ತದೆ. ಫೋಮ್ ಮೈಗೆ ಅಂಟಿಕೊಂಡು, ಇರಬೇಕಾದ ಜಾಗದಲ್ಲೇ ಇದ್ದರೆ ಮಾತ್ರ ಈ ಕೆಲಸ ಆಗುತ್ತದೆ. ಬೆನ್ನುಮೂಳೆ ತಿರುಚಿಕೊಂಡು ಆಗುವ ಗಾಯವನ್ನು ಯಾವ ಕವಚವೂ ತಡೆಯಲಾರದು ಎಂಬುದನ್ನು ಕೊಳ್ಳುವ ಮುಂಚೆಯೇ ತಿಳಿದಿರಬೇಕು.

ಮೊದಲು ಒಳಬದಿಯ ಚೀಟಿಯನ್ನು ಓದಿ. ಯುರೋಪಿನ ಮಾನದಂಡವಾದ ಇಎನ್ 13158 ಎಂಬ ಗುರುತೂ ಅದರ ಜೊತೆಗೆ ಲೆವೆಲ್ 3 ಎಂಬುದೂ ಅಲ್ಲಿರಬೇಕು. ಇದರಲ್ಲಿ ಮೂರು ಹಂತಗಳಿದ್ದು, ಸಾಮಾನ್ಯ ಸವಾರಿಗೂ ಜಿಗಿತಕ್ಕೂ ಒಪ್ಪುವುದು ಮೂರನೆಯದು. ಲೆವೆಲ್ 1 ರೇಸಿನ ಜಾಕಿಗಳಿಗಾಗಿ ಇರುವ ಹಗುರವಾದ ಕವಚ. ಚೀಟಿಯೇ ಇಲ್ಲದ, ನೋಡಲು ಮಾತ್ರ ದಪ್ಪಗಿರುವ ವೆಸ್ಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ದಾವಣಗೆರೆ, ಚಿತ್ರದುರ್ಗದ ಪೇಟೆಯಲ್ಲಿ ಇದನ್ನು ತೊಟ್ಟು ನೋಡಿ ಕೊಳ್ಳುವುದು ಸುಲಭವಲ್ಲವಾದ್ದರಿಂದ ಹೆಚ್ಚಿನವರು ಆನ್‌ಲೈನಿನಲ್ಲಿ ತರಿಸುತ್ತಾರೆ. ಹಾಗಾಗಿ ಅಳತೆಯೇ ಮುಖ್ಯ. ಪರಿಚಯದ ದರ್ಜಿಯ ಬಳಿ ಹೋಗಿ, ತೆಳುವಾದ ಅಂಗಿಯ ಮೇಲೆ ಮೂರು ಅಳತೆ ತೆಗೆಸಿಕೊಳ್ಳಿ: ಎದೆಯ ಅತಿ ಅಗಲದ ಸುತ್ತಳತೆ, ಸೊಂಟದ ಸುತ್ತಳತೆ, ಮತ್ತು ಮುಂದಿನ ಸೊಂಟದಿಂದ ಹೆಗಲ ಮೇಲೆ ಹಾದು ಹಿಂದಿನ ಸೊಂಟದವರೆಗಿನ ಉದ್ದ. ಜನ ಮರೆಯುವುದು ಈ ಮೂರನೆಯದನ್ನೇ. ಆ ಹುಡುಗಿಯ ಕವಚ ಕೆಟ್ಟದ್ದೂ ಇದರಲ್ಲೇ. ದರ್ಜಿಗಳು ರೂಢಿಯಂತೆ ಒಂದೆರಡು ಇಂಚು ಸಡಿಲ ಬಿಟ್ಟು ಬರೆದುಕೊಳ್ಳುತ್ತಾರೆ, ಹಾಗೆ ಬಿಡಬಾರದೆಂದು ಮೊದಲೇ ಹೇಳಿ. ಪ್ರತಿ ಕಂಪನಿಯ ಸೈಜುಪಟ್ಟಿ ಬೇರೆಯಾಗಿರುವುದರಿಂದ ವಯಸ್ಸನ್ನು ನಂಬದೆ ಸೆಂಟಿಮೀಟರನ್ನು ನಂಬಿ, ಹಿಂದಿರುಗಿಸಲು ಅವಕಾಶವಿರುವ ಕಡೆಯೇ ತರಿಸಿ.

ಕವಚ ಕೈಗೆ ಬಂದ ಮೇಲೆ ಹೆಗಲ ಮತ್ತು ಸೊಂಟದ ವೆಲ್ಕ್ರೋ ಪಟ್ಟಿಗಳನ್ನು ಸಡಿಲಿಸಿ ತೊಟ್ಟುಕೊಳ್ಳಿ. ಮೊದಲು ಹೆಗಲನ್ನು ಸರಿಪಡಿಸಿ, ಆಮೇಲೆ ಸೊಂಟವನ್ನು ಬಿಗಿ ಮಾಡಿ. ಈ ಫೋಮ್ ತಣ್ಣಗಿದ್ದಾಗ ಹಲಗೆಯಂತೆ ಬಿರುಸಾಗಿದ್ದು ಮೈಯ ಬಿಸಿಗೆ ಮೆತ್ತಗಾಗುತ್ತದೆ. ಆದ್ದರಿಂದ ತೊಟ್ಟ ಕೂಡಲೇ ತೀರ್ಮಾನಿಸದೆ ಐದು ನಿಮಿಷ ಓಡಾಡಿ, ಮತ್ತೊಮ್ಮೆ ಪಟ್ಟಿ ಬಿಗಿದು ನೋಡಿ. ಡಿಸೆಂಬರಿನ ಬೆಳಗಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕಾದೀತು. ಉಸಿರು ಸರಾಗವಾಗಿ ಆಡಬೇಕು, ಆದರೆ ಕವಚವನ್ನು ಹಿಡಿದು ತಿರುಗಿಸಿದರೆ ಅದು ಮೈಮೇಲೆ ಸುತ್ತಬಾರದು. ಮುಂದೆ ಮೇಲಂಚು ಎದೆಮೂಳೆಯ ಮೇಲ್ತುದಿಯನ್ನು ಮುಟ್ಟಬೇಕು. ಹಿಂದೆ, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯವರೆಗೆ ಇರಬೇಕು. ಕೆಳಗೆ, ಪಕ್ಕೆಲುಬುಗಳು ಮುಗಿದ ಮೇಲೂ ಕನಿಷ್ಠ 25 ಮಿಲಿಮೀಟರ್ ಇಳಿದಿರಬೇಕು.

ನಿಂತಾಗ ಸರಿಯಾಗಿ ಕಂಡದ್ದು ಕೂತಾಗ ಕೆಡುವುದುಂಟು. ಜೀನಿನ ಮೇಲೆ ಕೂತು, ಲಗಾಮು ಹಿಡಿಯುವ ಭಂಗಿಯಲ್ಲಿ ಕೈ ಚಾಚಿ, ಮುಂದಕ್ಕೆ ಬಾಗಿ, ಎರಡೂ ಕಡೆ ಹೊರಳಿ ನೋಡಿ. ಹಿಂದಿನ ಅಂಚಿಗೂ ಜೀನಿಗೂ ನಡುವೆ ಕನಿಷ್ಠ 100 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಂಗೈ ಅಗಲದ ಜಾಗ ಉಳಿಯಬೇಕು. ಕಂಕುಳಲ್ಲಿ ಒತ್ತಿದರೆ, ಹೆಲ್ಮೆಟ್ಟಿಗೆ ತಾಗಿದರೆ ಅದನ್ನು ಹಿಂದಿರುಗಿಸುವುದೇ ಸರಿ. ಫೋಮನ್ನು ಕತ್ತರಿಸಿ ಹೊಂದಿಸಿಕೊಳ್ಳಲು ಹೋಗಬೇಡಿ.

ಬಿದ್ದ ಕೂಡಲೇ ಗಾಳಿ ತುಂಬಿಕೊಳ್ಳುವ ಏರ್ ವೆಸ್ಟುಗಳೂ ಈಗ ಬಂದಿವೆ. ಅವುಗಳನ್ನು ಫೋಮ್ ಕವಚದ ಒಳಗೆ ತೊಡಬಾರದು, ಮೇಲೆಯೇ ತೊಡಬೇಕು. ಉಬ್ಬಲು ಜಾಗವಿರುವಂತೆ ಅವುಗಳ ಪಟ್ಟಿಯನ್ನು ಸಡಿಲ ಬಿಡಬೇಕು.

ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಕವಚ ಬೆವರಿಸುವುದು ನಿಜ. ಆದರೆ ಸೆಕೆಯೆಂದು ಜಿಪ್ ತೆರೆದು ಸವಾರಿ ಮಾಡುವುದು ಬೇಡ. ಮುಂಜಾನೆಯೇ ಕಲಿಕೆ ಮುಗಿಸುವುದು ಒಳ್ಳೆಯದು. ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ತೂಗುಹಾಕಿ, ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಮಕ್ಕಳ ಅಳತೆಯನ್ನು ಆರು ತಿಂಗಳಿಗೊಮ್ಮೆಯಾದರೂ ಮತ್ತೆ ತೆಗೆಯಿರಿ. ಬಿದ್ದ ನಂತರ ಫೋಮಿನಲ್ಲಿ ಮೂಡಿದ ಗುಂಡಿ ಅರ್ಧ ಗಂಟೆಯಲ್ಲಿ ಮೊದಲಿನಂತೆ ಉಬ್ಬದಿದ್ದರೆ ಆ ಕವಚದ ಶಕ್ತಿ ಮುಗಿಯಿತೆಂದೇ ಅರ್ಥ. ಅದನ್ನು ಇನ್ನೊಂದು ಮಗುವಿಗೆ ದಾಟಿಸದೆ ಬದಲಿಸಿಬಿಡಿ.